ದೂರದರ್ಶನದಲ್ಲಿ ಮನೆಮಾತಿನ ಸ್ಥಾನ

ಕಾವ್ಯನಾಟಕಗಳನ್ನು ವಿಮರ್ಶಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ದೂರದರ್ಶನವನ್ನು ಮಾತ್ರ ನಮ್ಮ ವಿದ್ವಾಂಸರು ವಿಮರ್ಶೆಗೆ ಯೋಗ್ಯವಾದ ವಸ್ತುವೆಂದು ಎಣಿಸಿದಂತೆ ತೋರುವುದಿಲ್ಲ. ಅದನ್ನು ನಿಂದಿಸತಕ್ಕವರು ಬೇಕಾದಷ್ಟು ಮಂದಿ ಇರುವರು. ಆದರೆ ನಿಂದೆಯು ವಿಮರ್ಶೆಯಾಗಲಾರದು. ದಿನವೂ ಸಂಜೆಯಾಗುತ್ತಲೆ ನಮ್ಮ ಚಾವಡಿಯಲ್ಲಿ ಮಾತಿಗೆ ತೊಡಗಿ, ಮನೆಯವರೆಲ್ಲರೂ ಮಲಗುವ ತನಕ ಮಾತನ್ನು ನಿಲ್ಲಿಸದ ಈ ಅತಿಥಿಯು ಯಾವ ಭಾಷೆಯನ್ನಾಡುತ್ತಾನೆ, ಯಾವ ಭಾಷೆಗೆ ಯಾವ ಕೆಲಸವನ್ನು ಒಪ್ಪಿಸುತ್ತಾನೆ ಎಂಬುದನ್ನು ವಿಚಾರಿಸುವುದು ಸಾಹಿತ್ಯದಲ್ಲಿ ಆಸಕ್ತಿಯುಳ್ಳವರ ಕರ್ತವ್ಯವೇ ಸರಿ.

ಈ ವಿಚಾರಕ್ಕೆ ಬೇಕಾದ ಅಳತೆಗೋಲನ್ನು ನಾವು ಹೊರಗಿನಿಂದ ಎರವಲು ತರಬೇಕಾಗಿಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಪಾತ್ರಗಳಿಗೆ ಭಾಷೆಗಳನ್ನು ಹಂಚಿಕೊಟ್ಟಿದೆ. ಅರಸನಿಗೂ ಋಷಿಗೂ ಸಂಸ್ಕೃತ. ನಾಯಿಕೆಗೂ ಸಖಿಯರಿಗೂ ಶೌರಸೇನಿ. ಇನ್ನು ಕೆಲವರಿಗೆ ಮಾಗಧಿಯೇ ಮೊದಲಾದ ಪ್ರಾಕೃತಗಳು. ಶಾಕುಂತಲದಲ್ಲಿ ಉಂಗುರವನ್ನು ಪಡೆದ ಬೆಸ್ತನು ಮಾಗಧಿಯಲ್ಲಿ ಮಾತನಾಡುತ್ತಾನೆ. ವಿದೂಷಕನು ಬ್ರಾಹ್ಮಣನಾದರೂ ಅವನ ಬಾಯಲ್ಲಿ ಸಂಸ್ಕೃತವಿಲ್ಲ. ಹಾಗಾದರೆ ಪ್ರಾಕೃತಕ್ಕೆ ಅವಮಾನವಾಯಿತೇ? ಆಗಲಿಲ್ಲ. ಯಾತಕ್ಕೆಂದರೆ, ಶಕುಂತಲೆಯು ಕಣ್ವಾಶ್ರಮವನ್ನು ಬಿಟ್ಟು ಹೊರಡುವಾಗ ಅಳುವುದು ಪ್ರಾಕೃತದಲ್ಲಿಯೇ. ತುಂಬಿದ ಸಭೆಯಲ್ಲಿ ಚಕ್ರವರ್ತಿಯನ್ನು ಜರೆಯುವುದೂ ಪ್ರಾಕೃತದಲ್ಲಿಯೇ. ನಾಟಕಗಳ ಹೊರಗೆ ಗಾಥಾಸಪ್ತಶತಿಯಂತಹ ಇಡಿಯ ಗ್ರಂಥವೇ ಆ ಭಾಷೆಯಲ್ಲಿದೆ. ನಗುವುದಕ್ಕೂ ಅಳುವುದಕ್ಕೂ ಕೋಪಿಸುವುದಕ್ಕೂ ಒದಗುವ ಮಾತು ಜೀವಂತವಾದ ಮಾತು. ನಗಿಸುವುದಕ್ಕೆ ಮಾತ್ರ ಕರೆಯಲ್ಪಡುವ ಮಾತಿನ ಗೌರವವು ದಿನದಿನಕ್ಕೆ ಕುಂದುವುದು. ಆದುದರಿಂದ ಒಂದು ಭಾಷೆಯು ದೂರದರ್ಶನದಲ್ಲಿ ಎಷ್ಟು ಗಂಟೆ ಕೇಳಿಬಂದಿತೆಂಬುದಕ್ಕಿಂತಲೂ ಅದಕ್ಕೆ ಎಷ್ಟು ರಸಗಳನ್ನು ಒಪ್ಪಿಸಲಾಯಿತೆಂಬುದೇ ಮುಖ್ಯವಾದ ಪ್ರಶ್ನೆಯೆಂದು ನಾನು ತಿಳಿಯುತ್ತೇನೆ.

ಈ ಅಳತೆಗೋಲನ್ನು ನಮ್ಮ ನಾಡಿನ ಮೇಲೆ ಇಡುವುದಕ್ಕೆ ಮೊದಲು ದೂರದೇಶದ ಒಂದು ನಿದರ್ಶನವನ್ನು ನೋಡುವುದು ಒಳ್ಳೆಯದು. ಚೀನದ ದಕ್ಷಿಣಭಾಗದಲ್ಲಿ ಗುವಾಂಗ್‌ಝೌ ಎಂಬ ಮಹಾನಗರವಿದೆ. ನಮ್ಮ ಹಳೆಯ ಭೂಗೋಳದ ಪುಸ್ತಕಗಳಲ್ಲಿ ಇದಕ್ಕೆ ಕ್ಯಾಂಟನ್ ಎಂದು ಹೆಸರು. ೨೦೨೦ರ ಜನಗಣತಿಯಂತೆ ಅಲ್ಲಿ ಒಂದು ಕೋಟಿ ೮೬ ಲಕ್ಷ ಜನರಿದ್ದರು. ಅಲ್ಲಿಯ ಮೂಲನಿವಾಸಿಗಳ ಮನೆಮಾತು ಕ್ಯಾಂಟನೀಸ್. ಮ್ಯಾಂಡರಿನ್ ಎಂಬ ರಾಜ್ಯಭಾಷೆಯನ್ನು ಮಾತ್ರ ಬಲ್ಲವನಿಗೆ ಅದು ಕಿವಿಗೆ ಬಿದ್ದರೆ ಅರ್ಥವಾಗದು. ಹತ್ತಿರದ ಹಾಂಗ್‌ಕಾಂಗಿನಲ್ಲಿ ೧೯೬೭ರ ನವೆಂಬರ ತಿಂಗಳಲ್ಲಿ ಟಿ.ವಿ.ಬಿ. ಎಂಬ ಸಂಸ್ಥೆಯು ಪ್ರಸಾರವನ್ನಾರಂಭಿಸಿ, ವಾರ್ತೆ, ಇತಿಹಾಸದ ಕಥೆ, ವೀರರ ಕಥೆ, ಸಂಸಾರದ ಕಥೆ ಇವೆಲ್ಲವನ್ನೂ ಆ ಮನೆಮಾತಿನಲ್ಲಿಯೇ ನಡೆಯಿಸಿತು. ೧೯೮೦ರ ದಶಕದಲ್ಲಿ ಗುವಾಂಗ್‌ಡಾಂಗ್ ಪ್ರಾಂತದ ಜನರು ಮೀನಿನ ಮುಳ್ಳಿನಂತಿರುವ ಆಂಟೆನಾಗಳನ್ನು ಮಾಡಿನ ಮೇಲೆ ನಿಲ್ಲಿಸಿ, ಗಡಿಯಾಚೆಯ ಈ ಪ್ರಸಾರವನ್ನು ಹಿಡಿದು ನೋಡುತ್ತಿದ್ದರು. ತಮ್ಮ ಪ್ರೇಕ್ಷಕರನ್ನು ಉಳಿಸಿಕೊಳ್ಳಬೇಕಾದರೆ ಗುವಾಂಗ್‌ಝೌವಿನ ವಾಹಿನಿಗಳೂ ಮನೆಮಾತಿನಲ್ಲಿಯೇ ಮಾತನಾಡಬೇಕಾಯಿತು.

೨೦೦೧ನೆಯ ಇಸವಿಯ ಜನವರಿಯಲ್ಲಿ ಜಾರಿಗೆ ಬಂದ ಚೀನದ ಭಾಷಾಕಾನೂನಿನಂತೆ ಪ್ರಸಾರದ ಮುಖ್ಯ ಭಾಷೆಯು ಮ್ಯಾಂಡರಿನ್. ಪ್ರಾಂತಭಾಷೆಯ ಬಳಕೆಗೆ ಸರಕಾರದ ಅನುಮತಿ ಬೇಕು. ೨೦೧೦ರಲ್ಲಿ ಆ ನಗರದಲ್ಲಿ ಏಷ್ಯದ ಕ್ರೀಡಾಕೂಟ ನಡೆಯಲಿಕ್ಕಿದ್ದಾಗ, ಬರುವ ಅತಿಥಿಗಳಿಗೆ ಅನುಕೂಲವಾಗುವಂತೆ ಗುವಾಂಗ್‌ಝೌ ದೂರದರ್ಶನದ ಮುಖ್ಯ ವಾಹಿನಿಗಳು ಮ್ಯಾಂಡರಿನ್ನಿಗೆ ತಿರುಗಬೇಕೆಂದು ನಗರದ ಸಲಹಾಮಂಡಲಿಯಿಂದ ಸೂಚನೆ ಬಂದಿತು. ಆ ಜುಲಾಯಿ ೨೫ರಂದು ನಾಗರಿಕರು ಬೀದಿಯಲ್ಲಿ ನೆರೆದು ಪ್ರತಿಭಟಿಸಿದರು. ಮನೆಮಾತನ್ನು ಅಳಿಸುವ ಉದ್ದೇಶವು ತಮಗಿಲ್ಲವೆಂದು ಅಧಿಕಾರಿಗಳು ಹೇಳಬೇಕಾಯಿತು. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಆ ಜನರು ಒಂದು ಹಾಸ್ಯಪ್ರಸಂಗಕ್ಕಾಗಿ ಬೀದಿಗೆ ಇಳಿದವರಲ್ಲ. ವಾರ್ತೆಯನ್ನೂ ಚರ್ಚೆಯನ್ನೂ ತಮ್ಮ ಮಾತಿನಲ್ಲಿ ಕೇಳಿ ಅಭ್ಯಾಸವಾದವರಾದುದರಿಂದ, ಕಳೆದುಹೋಗುವುದು ಏನೆಂಬುದು ಅವರಿಗೆ ತಿಳಿದಿತ್ತು. ಹಾಸ್ಯವೂ ಅಲ್ಲಿ ಇಲ್ಲವೆಂದಲ್ಲ. ಹೊರಪ್ರಾಂತಗಳಿಂದ ಬಂದ ಸೊಸೆಯರು ಸೇರಿದ ಒಂದು ಗುವಾಂಗ್‌ಝೌ ಕುಟುಂಬದ ಕಥೆಯು ೨೦೦೦ದಿಂದ ತೊಡಗಿ ಎರಡು ದಶಕಗಳಿಗೂ ಮಿಕ್ಕಿ ಕ್ಯಾಂಟನೀಸಿನಲ್ಲಿ ನಡೆದಿದೆ. ಅದರಲ್ಲಿ ನಗೆ ಹುಟ್ಟುವುದು ಸಂಸಾರದ ತೊಡಕುಗಳಿಂದ. ಮನೆಯ ಯಜಮಾನನು ತನ್ನ ಮಾತನ್ನಾಡಿದ ಮಾತ್ರಕ್ಕೆ ಯಾರೂ ನಗುವುದಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡವು ದೂರದರ್ಶನದಲ್ಲಿ ಮೊದಲು ಕೇಳಿಸಿದ್ದು ಬೆಂಗಳೂರಿನಲ್ಲಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರ್ಷದ ಕಾಲ ಉಪಗ್ರಹದ ಮೂಲಕ ನಡೆದ ಪ್ರಯೋಗದಲ್ಲಿ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದನ್ನು ಮೊದಲು ಕೇಳಿದುವು. ಬೆಂಗಳೂರಿನ ಕೇಂದ್ರವು ೧೯೮೧ರ ನವೆಂಬರದಲ್ಲಿ ಆರಂಭವಾಯಿತು. ೧೯೮೭ರಲ್ಲಿ ದೇಶವೆಲ್ಲ ನೋಡಿ ಸಂತೋಷಪಟ್ಟ ‘ಮಾಲ್ಗುಡಿ ಡೇಸ್’ ಎಂಬ ಕಥಾಮಾಲೆಯನ್ನು ಶಂಕರನಾಗರು ನಮ್ಮ ಘಟ್ಟದ ಮೇಲಣ ಆಗುಂಬೆಯಲ್ಲಿ ಚಿತ್ರಿಸಿದರು. ಮಳೆ ನಮ್ಮದು, ಮನೆಯ ಜಗಲಿ ನಮ್ಮದು, ನಟರಲ್ಲಿ ಎಷ್ಟೋ ಮಂದಿ ನಮ್ಮವರು. ಮಾತು ಮಾತ್ರ ಹಿಂದಿ. ದೇಶಕ್ಕೆಲ್ಲ ಒಂದೇ ವಾಹಿನಿಯಿದ್ದ ಕಾಲವದು; ಆದುದರಿಂದ ಇದನ್ನು ಯಾರ ಮೇಲೂ ತಪ್ಪೆಂದು ಹೊರಿಸಲಾಗದು. ೧೯೯೪ರಲ್ಲಿ ಉದಯ, ೨೦೦೦ದಲ್ಲಿ ಈಟೀವಿ, ೨೦೦೬ರಲ್ಲಿ ಝೀ, ೨೦೦೭ರಲ್ಲಿ ಸುವರ್ಣ ಹೀಗೆ ಖಾಸಗಿ ವಾಹಿನಿಗಳು ಒಂದರ ಹಿಂದೆ ಒಂದಾಗಿ ಬಂದ ಮೇಲೆ ಕನ್ನಡಕ್ಕೆ ಗಂಟೆಗಳ ಅಭಾವವೆಂಬುದು ಇಲ್ಲವಾಯಿತು.

ರಸಗಳ ಅಭಾವವೂ ಎಲ್ಲ ಕಡೆಯಲ್ಲಿ ಇತ್ತೆನ್ನಲಾಗದು. ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ವು ಮಧ್ಯಮವರ್ಗದ ಸಂಸಾರದ ಸುಖದುಃಖಗಳನ್ನು ಒಳ್ಳೆಯ ಕನ್ನಡದಲ್ಲಿ ನುಡಿಯಿಸಿತು. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಕಿರುತೆರೆಗೆ ತಂದರು. ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ಯಂತೂ ನಮ್ಮ ವಿಚಾರಕ್ಕೆ ತಕ್ಕ ಉದಾಹರಣೆ. ಅದುವರೆಗೆ ಸಿನೆಮಾದಲ್ಲಿ ನಗಿಸುವುದಕ್ಕಾಗಿಯೇ ಬಹಳವಾಗಿ ಬಳಕೆಯಾಗುತ್ತಿದ್ದ ಉತ್ತರ ಕರ್ನಾಟಕದ ನುಡಿಯು ಅಲ್ಲಿ ತಾಯಿಯ ಸಂಕಟವನ್ನೂ ಹಿರಿಯರ ಗಾಂಭೀರ್ಯವನ್ನೂ ಹೊತ್ತಿತು. ದಕ್ಷಿಣದವರೂ ಅದನ್ನು ಆದರದಿಂದ ಕೇಳಿದರು. ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು ೨೦೦೨ರಿಂದ ನಡೆಯಿಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಎಂಬ ಕಾರ್ಯಕ್ರಮದಲ್ಲಿ ಸರಿಯಾದ ಉತ್ತರಕ್ಕೆ ಪುಸ್ತಕವೇ ಬಹುಮಾನ. ಕನ್ನಡವು ಜ್ಞಾನದ ಭಾಷೆಯೆಂಬುದನ್ನು ಅದು ಭಾಷಣವಿಲ್ಲದೆ ಸ್ಥಾಪಿಸಿದೆ.

ಇಷ್ಟಾದರೂ ನಮ್ಮ ಕರಾವಳಿಯ ಮಾತಿಗೆ ಸಂದದ್ದೇನು? ಮುಂಡಾಜೆಯಂತಹ ಒಂದು ಊರಿನಲ್ಲಿಯೇ ತುಳು, ಕನ್ನಡ, ಚಿತ್ಪಾವನಿ, ಕೊಂಕಣಿ, ಬ್ಯಾರಿ, ಮಲಯಾಳಗಳು ಕೇಳಿಬರುತ್ತವೆ. ೨೦೧೧ರ ಜನಗಣತಿಯಲ್ಲಿ ತುಳುವನ್ನು ಮನೆಮಾತೆಂದು ಬರೆಯಿಸಿದವರು ೧೮ ಲಕ್ಷ ೪೬ ಸಾವಿರಕ್ಕೆ ಮಿಕ್ಕಿದ್ದಾರೆ. ಬೆಂಗಳೂರಿನ ವಾಹಿನಿಗಳಲ್ಲಿ ಈ ಸೀಮೆಯವನು ಕಾಣಿಸಿಕೊಂಡರೆ ಅವನು ಬಹುಶಃ ಅಡಿಗೆಯ ಭಟ್ಟ, ಇಲ್ಲವೇ ಹೋಟೆಲಿನ ಮಾಣಿ. ಅವನು ಬಾಯಿ ತೆರೆದು ‘ಎಂಥದು ಮಾರಾಯ’ ಎಂದರೆ ಸಾಕು, ಹಿನ್ನೆಲೆಯಲ್ಲಿ ನಗೆಯ ವಾದ್ಯ ಬಾರಿಸುವುದು. ಅವನು ಹೇಳಿದುದರಲ್ಲಿ ಹಾಸ್ಯವಿರಬೇಕೆಂಬ ನಿಯಮವಿಲ್ಲ; ಹೇಳಿದ ಧಾಟಿಯೇ ಹಾಸ್ಯವೆಂದು ಎಣಿಸಲ್ಪಟ್ಟಿದೆ. ಭರತಮುನಿಯು ವಿದೂಷಕನಿಗೆ ಕೊಟ್ಟ ಮಾತನ್ನೇ ಶಕುಂತಲೆಗೂ ಕೊಟ್ಟನು. ಈ ನಾಟಕಕರ್ತರು ಮೊದಲಿನದನ್ನು ಹಿಡಿದು ಎರಡನೆಯದನ್ನು ಬಿಟ್ಟಿದ್ದಾರೆ.

ಹೀಗಾಗಬೇಕಾದ ಅವಶ್ಯಕತೆಯೇನೂ ಇರಲಿಲ್ಲ. ೧೯೯೦ರ ಸುಮಾರಿಗೆ ಸದಾನಂದ ಸುವರ್ಣರು ಸರಕಾರಿ ದೂರದರ್ಶನಕ್ಕಾಗಿ ‘ಗುಡ್ಡದ ಭೂತ’ವನ್ನು ನಿರ್ಮಿಸಿದಾಗ, ತುಳುನಾಡಿನ ಹಿನ್ನೆಲೆಯೂ ಇಲ್ಲಿಯವರ ಕನ್ನಡದ ಏರಿಳಿತವೂ ಭಯಾನಕರಸಕ್ಕೆ ಒದಗಿಬಂದುವು. ಅದರ ಹಾಡಿನ ತುಳು ಧಾಟಿಯನ್ನು ಘಟ್ಟದ ಮೇಲಿನ ಮಕ್ಕಳೂ ಗುನುಗಿದರು. ಅಂದು ಅವರ ಮುಖದಲ್ಲಿದ್ದುದು ಕುತೂಹಲವೂ ಅಂಜಿಕೆಯೂ ಹೊರತು ಪರಿಹಾಸವಲ್ಲ. ಆ ದಾರಿಯಲ್ಲಿ ಎರಡನೆಯ ಹೆಜ್ಜೆಯನ್ನಿಡತಕ್ಕವರು ವಿರಳವಾದರೆಂಬುದೇ ವ್ಯಸನದ ಸಂಗತಿ.

ಮಂಗಳೂರಿನ ಸ್ಥಳೀಯ ವಾಹಿನಿಗಳ ಸೇವೆಯನ್ನು ಇಲ್ಲಿ ಮರೆಯಲಾಗದು. ೧೯೭೬ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯು ತುಳುವಿಗೆ ಮೊದಲು ದಾರಿ ತೆರೆಯಿತು. ಬಳಿಕ ಕೇಬಲಿನ ಮೂಲಕ ಹಬ್ಬಿದ ಸ್ಥಳೀಯ ವಾಹಿನಿಗಳು ಯಕ್ಷಗಾನ, ನಾಟಕ, ಕಂಬಳ, ಜಾತ್ರೆಗಳನ್ನು ಮನೆಮನೆಗೆ ತಲಪಿಸಿದುವು. ತುಳುವಿನಲ್ಲಿ ವಾರ್ತೆಯನ್ನು ಓದುವ ಪದ್ಧತಿಯನ್ನೂ ಬಳಕೆಗೆ ತಂದುವು. ಈ ಕೊನೆಯದು ಚಿಕ್ಕ ಕೆಲಸವಲ್ಲ. ವಾರ್ತೆಯನ್ನು ಓದಬೇಕಾದಾಗ ಭಾಷೆಯು ತನ್ನ ಶಬ್ದಕೋಶವನ್ನೆಲ್ಲ ತಡಕಬೇಕಾಗುವುದು. ನ್ಯಾಯಾಲಯ, ಆಯವ್ಯಯ, ಅಣೆಕಟ್ಟು ಇವುಗಳನ್ನು ಕುರಿತು ಮಾತನಾಡಲು ಕಲಿಯಬೇಕಾಗುವುದು. ಆದರೆ ವಿಮರ್ಶಕನು ಸ್ನೇಹದಿಂದಲೇ ಒಂದು ಮಾತನ್ನು ಹೇಳಬೇಕಾಗಿದೆ. ಈ ವಾಹಿನಿಗಳಲ್ಲಿ ನಡೆದುದನ್ನು ತೋರಿಸುವ ಕಾರ್ಯಕ್ರಮಗಳು ಹೆಚ್ಚು, ಹೊಸದಾಗಿ ರಚಿಸಿದುವು ಕಡಿಮೆ. ರಚಿಸಿದುವುಗಳಲ್ಲಿಯೂ ಹಾಸ್ಯದ್ದೇ ಸಿಂಹಪಾಲು. ಊರವರೇ ತಮ್ಮ ಮಾತಿಗೆ ವಿದೂಷಕನ ವೇಷವನ್ನು ಕಟ್ಟಿದ ಮೇಲೆ ಬೆಂಗಳೂರಿನವರನ್ನು ದೂರುವುದು ಹೇಗೆ? ಪಾಡ್ದನಗಳಲ್ಲಿ ಸಿರಿಯ ಶೋಕವನ್ನೂ ಕೋಟಿಚೆನ್ನಯರ ಪೌರುಷವನ್ನೂ ಹಾಡಿದ ಭಾಷೆಗೆ ರಸದ ಬಡತನವಿಲ್ಲ. ಬಡತನವಿರುವುದು ನಮ್ಮ ಬರವಣಿಗೆಯಲ್ಲಿ.

ಇದಕ್ಕೆ ಎರಡು ಪೂರ್ವಪಕ್ಷಗಳು ಬರಬಹುದು. ದೂರದರ್ಶನವು ವ್ಯಾಪಾರ, ನಾಲ್ಕು ಕೋಟಿ ಕನ್ನಡಿಗರ ಮುಂದೆ ಹದಿನೆಂಟು ಲಕ್ಷದ ಲೆಕ್ಕವೇನು ಎಂಬುದು ಮೊದಲನೆಯದು. ಲೆಕ್ಕವು ನಿಜವೇ. ಆದರೆ ಗಂಭೀರವಾದುದನ್ನು ನೋಡಲಿಕ್ಕೆ ಜನರಿಲ್ಲವೆಂಬುದು ಪರೀಕ್ಷಿಸದೆ ಹೇಳಿದ ಮಾತು. ‘ಮೂಡಲ ಮನೆ’ಯ ನುಡಿಯು ಒಂದು ಸೀಮೆಯದಾದರೂ ಅದರ ಪ್ರೇಕ್ಷಕರು ಒಂದೇ ಸೀಮೆಯವರಾಗಿರಲಿಲ್ಲ.

ಮನೆಮಾತುಗಳು ತಲೆಯೆತ್ತಿದರೆ ಕನ್ನಡದ ಐಕ್ಯಕ್ಕೆ ಭಂಗ ಬರುವುದೆಂಬುದು ಎರಡನೆಯದು. ಗುವಾಂಗ್‌ಝೌವಿನಲ್ಲಿ ಕೇಳಿಬಂದ ವಾದವೂ ಇದೇ ಜಾತಿಯದು. ಇದಕ್ಕೆ ನಮ್ಮ ಜಿಲ್ಲೆಯ ಸಾಹಿತ್ಯಚರಿತ್ರೆಯೇ ಉತ್ತರ. ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ಇವರಿಂದ ಕನ್ನಡವು ಬಡವಾಯಿತೆಂದು ಹೇಳುವ ಧೈರ್ಯವು ಯಾರಿಗುಂಟು? ಮನೆಯಲ್ಲಿ ಒಂದು ಮಾತನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಕಲಿತು, ಎರಡರ ಸವಿಯನ್ನೂ ಬಲ್ಲವರು ಈ ಸೀಮೆಯಲ್ಲಿ ಎಂದಿನಿಂದಲೂ ಇದ್ದರು. ಹೊಸ್ತಿಲಿನ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವಂತೆ ಅವರ ವಿದ್ಯೆಯಿತ್ತು. ಈಗಿನ ಭಯವು ಬೇರೊಂದುಂಟು. ತನ್ನ ಅಜ್ಜಿಯ ಮಾತು ನಗೆಯ ವಸ್ತುವೆಂದು ದಿನವೂ ಸಂಜೆ ಕೇಳಿದ ಮಗುವು ಆ ಮಾತನ್ನು ಪೇಟೆಯಲ್ಲಿ ಆಡಲು ನಾಚುವುದು. ನಾಚಿಕೆಯಿಂದ ಬಿಟ್ಟ ಸ್ಥಳದಲ್ಲಿ ಅದು ಒಳ್ಳೆಯ ಕನ್ನಡವನ್ನೇ ತುಂಬಿಸಿಕೊಳ್ಳುವುದೆಂದು ನಂಬಲಿಕ್ಕೆ ಆಧಾರವಿಲ್ಲ. ಆ ವಾಹಿನಿಗಳ ಅರೆ ಇಂಗ್ಲಿಷಿನ ಕಲಬೆರಕೆಯೇ ಅಲ್ಲಿ ಸೇರಿಕೊಳ್ಳುವುದು.

ತುಳುವಿಗೆ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಇನ್ನೂ ಸ್ಥಾನ ದೊರೆತಿಲ್ಲ. ಅದಕ್ಕಾಗಿ ಮನವಿಗಳನ್ನು ಬರೆಯುವುದು ಯುಕ್ತವೇ. ಆದರೆ ಮನವಿಗಳೊಡನೆ ಕಥೆಗಳನ್ನೂ ಬರೆಯಬೇಕಾಗಿದೆ. ನಮ್ಮ ಸಂಘದ ಸದಸ್ಯರಲ್ಲಿ ನಾಟಕವನ್ನು ಬರೆಯಬಲ್ಲವರಿದ್ದಾರೆ, ತಾಳಮದ್ದಳೆಯಲ್ಲಿ ಅರ್ಥ ಹೇಳಬಲ್ಲವರಿದ್ದಾರೆ. ಸ್ಥಳೀಯ ವಾಹಿನಿಗಳ ಬಾಗಿಲು ದೂರವೂ ಇಲ್ಲ, ಮುಚ್ಚಿಯೂ ಇಲ್ಲ. ಹೊಲಮನೆಯನ್ನು ಕಳೆದುಕೊಂಡ ಒಕ್ಕಲಿನ ಕಥೆಯೋ, ಮಗನನ್ನು ಮುಂಬಯಿಗೆ ಕಳುಹಿಸಿ ಕಾದಿರುವ ತಾಯಿಯ ಕಥೆಯೋ, ಹದಿಮೂರು ಕಂತುಗಳಲ್ಲಿ ಮನೆಮಾತಿನಲ್ಲಿ ಬರೆದು ಅವರ ಕೈಗೆ ಕೊಡುವವರು ಮುಂದೆ ಬರಲಿ. ಅದನ್ನು ನೋಡಿ ನಮ್ಮ ಮನೆಗಳಲ್ಲಿ ಒಬ್ಬರಾದರೂ ಸೆರಗಿನಿಂದ ಕಣ್ಣೊರಸಿಕೊಂಡರೆ, ಆ ಮಾತಿಗೆ ಅದರ ಗೌರವವು ಮರಳಿ ಬರತೊಡಗಿತೆಂದು ತಿಳಿಯಬಹುದು.