ತರುಣ ಎಸ್. ಎಂ. ಪಂಡಿತರ ಚಿತ್ರವಿನ್ಯಾಸ: ಒಂದು ವಿಮರ್ಶೆ

ಕಲಬುರಗಿಯ ರಂಗಮಂದಿರಕ್ಕೆ ಡಾ. ಎಸ್. ಎಂ. ಪಂಡಿತರ ಹೆಸರಿದೆ. ನಾಟಕ, ಸಂಗೀತ, ಸಭೆಗಳಿಗೆಂದು ಸೇಡಂ, ಚಿತ್ತಾಪುರ, ಚಿಂಚೋಳಿಗಳಿಂದ ಬರುವ ಜನರ ಬಾಯಲ್ಲಿ ಆ ಹೆಸರು ಸಲೀಸಾಗಿ ಓಡಾಡುತ್ತದೆ. ಆದರೆ ಆ ಹೆಸರಿನ ಕಲಾವಿದರು ತಾರುಣ್ಯದಲ್ಲಿ ಯಾವ ಕೆಲಸ ಮಾಡಿದರು, ಅವರ ಶೈಲಿ ಹೇಗೆ ರೂಪುಗೊಂಡಿತು ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಕಟ್ಟಡದಲ್ಲಿ ಹೆಸರು ಉಳಿದಿದೆ. ಹೆಸರಿಗೆ ಕಾರಣವಾದ ಕೃತಿಗಳು ನಮ್ಮ ತಿಳಿವಳಿಕೆಯಿಂದ ಜಾರುತ್ತಿವೆ. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವುದು ಪ್ರಕೃತ ಲೇಖನದ ಉದ್ದೇಶ.

ಪಂಡಿತರ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ದೇವದೇವತೆಗಳನ್ನು ಕಣ್ಣಿಗೆ ಕಟ್ಟುವಂತೆ ಬರೆದ ಮಹಾಚಿತ್ರಕಾರರೆಂಬುದು ಒಂದು. ಅವರು ಕೇವಲ ಕ್ಯಾಲೆಂಡರು ಚಿತ್ರಗಳನ್ನು ಬರೆದವರು, ಗಂಭೀರ ಕಲೆಯ ಚರಿತ್ರೆಯಲ್ಲಿ ಅವರಿಗೆ ಎಡೆಯಿಲ್ಲವೆಂಬುದು ಇನ್ನೊಂದು. ಇವೆರಡೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದೇ ದೋಷದಿಂದ ಕೂಡಿವೆ. ಎರಡೂ ಪಂಡಿತರ ಪ್ರೌಢ ವಯಸ್ಸಿನ ಪೌರಾಣಿಕ ಚಿತ್ರಗಳನ್ನಷ್ಟೇ ನೋಡುತ್ತವೆ. ಹೊಟ್ಟೆಪಾಡಿಗಾಗಿ, ಅವಸರದಲ್ಲಿ, ಇನ್ನೊಬ್ಬರ ಬೇಡಿಕೆಗೆ ತಕ್ಕಂತೆ ತರುಣ ಪಂಡಿತರು ಮಾಡಿದ ವಿನ್ಯಾಸಗಳನ್ನು ಇಬ್ಬರೂ ಬದಿಗಿಡುತ್ತಾರೆ. ಅವರ ಶೈಲಿ ಹುಟ್ಟಿದ್ದು ಆ ವಿನ್ಯಾಸಗಳಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಸಂಬಾನಂದ ಮೋನಪ್ಪ ಪಂಡಿತರು 1916ರಲ್ಲಿ ಗುಲ್ಬರ್ಗಾದಲ್ಲಿ ಜನಿಸಿದರು. ಆಗ ಈ ಪ್ರಾಂತ ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. ಊರಿನಲ್ಲಿ ಶಂಕರರಾವ ಆಳಂದಕರರಲ್ಲಿ ಮೊದಲ ಪಾಠವಾಯಿತು. ಮುಂದಿನ ಕಲಿಕೆಗೆ ರಾಜಧಾನಿಯಾದ ಹೈದರಾಬಾದಿಗಿಂತ ಮುಂಬಯಿಯೇ ಅವರನ್ನು ಸೆಳೆಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುದಾರಿ 1871ರಷ್ಟು ಹಿಂದೆಯೇ ಗುಲ್ಬರ್ಗಾ, ಶಹಾಬಾದ, ವಾಡಿಗಳ ಮೇಲೆ ಹಾದುಹೋಗಿತ್ತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಸಿಕಂದರಾಬಾದಿಗೆ ಇನ್ನೊಂದು ದಾರಿ ತೆರೆಯಿತು. ಶಹಾಬಾದದ ಫರಸಿಕಲ್ಲು ಹೋದ ದಾರಿಯಲ್ಲಿಯೇ ಈ ನಾಡಿನ ತರುಣರೂ ಹೋದರು. ಮುಂಬಯಿಯಲ್ಲಿ ಪಂಡಿತರಿಗೆ ನೂತನ ಕಲಾಮಂದಿರದ ದಂಡಾವತಿಮಠರು ಗುರುಗಳಾಗಿ ದೊರೆತರು. ಬಳಿಕ ಅವರು ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಗ್ಲ್ಯಾಡ್‌ಸ್ಟನ್ ಸಾಲೊಮನ್ನರು 1919ರಲ್ಲಿ ಅಧಿಕಾರ ವಹಿಸಿಕೊಂಡ ಬಳಿಕ ಸಜೀವ ಮಾದರಿಯನ್ನು ಎದುರಿಗಿಟ್ಟುಕೊಂಡು ಮಾನವದೇಹವನ್ನು ಅಭ್ಯಸಿಸುವ ಕ್ರಮವನ್ನು ನೆಲೆಗೊಳಿಸಿದ್ದರು. ಮಾಂಸಖಂಡದ ಏರಿಳಿತ, ಬೆಳಕು ಬಿದ್ದ ಚರ್ಮದ ಹೊಳಪು ಇವುಗಳ ಮೇಲೆ ಪಂಡಿತರಿಗಿದ್ದ ಹಿಡಿತ ಈ ಶಿಸ್ತಿನ ಫಲ.

ಶಾಲೆ ಮುಗಿದ ಮೇಲೆ ಅವರ ಕೈಗೆ ಬಂದ ಕೆಲಸ ಚಿತ್ರಮಂದಿರಗಳ 'ಶೋಕಾರ್ಡು'. ಹಾಲಿವುಡ್ಡಿನ ಮೆಟ್ರೊ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯ ಚಿತ್ರಗಳು ಮುಂಬಯಿಗೆ ಬಂದಾಗ ಪ್ರೇಕ್ಷಕರನ್ನು ಸೆಳೆಯಲು ಪಡಸಾಲೆಯಲ್ಲಿ ಇಡುತ್ತಿದ್ದ ರಟ್ಟಿನ ಚಿತ್ರಗಳಿವು. 1938ರಲ್ಲಿ ಆ ಸಂಸ್ಥೆಯ ಮೆಟ್ರೊ ಚಿತ್ರಮಂದಿರ ಮುಂಬಯಿಯಲ್ಲಿ ತೆರೆಯಿತು. ಶೋಕಾರ್ಡಿನ ಆಯುಷ್ಯ ಒಂದೆರಡು ವಾರ. ಅದರ ಬೇಡಿಕೆಗಳಾದರೋ ಕಠಿಣ. ಎದುರಿಗಿರುವುದು ಬಣ್ಣವಿಲ್ಲದ ಛಾಯಾಚಿತ್ರ. ಬಣ್ಣವನ್ನು ಚಿತ್ರಕಾರನೇ ಊಹಿಸಬೇಕು. ಟಿಕೇಟಿನ ಕಡೆಗೆ ನಡೆಯುವವನು ಒಂದು ಕ್ಷಣ ಕಣ್ಣು ಹಾಯಿಸುತ್ತಾನೆ. ಆ ಕ್ಷಣದಲ್ಲಿ ನಾಯಕಿಯ ಮುಖ, ಕಥೆಯ ಭಾವ, ಚಿತ್ರದ ಹೆಸರು ಮೂರೂ ಅವನಿಗೆ ತಲುಪಬೇಕು. ತೈಲವರ್ಣ ಒಣಗುವವರೆಗೆ ಕಾಯಲು ವ್ಯವಧಾನವಿಲ್ಲದಲ್ಲಿ ನೀರಿನಲ್ಲಿ ಕಲಸಿದ ದಟ್ಟಬಣ್ಣದಿಂದಲೇ ಕೆಲಸ ಸಾಗಬೇಕು. ಆ ಬಣ್ಣದಲ್ಲಿ ತಪ್ಪನ್ನು ತಿದ್ದಲು ಅವಕಾಶ ಕಡಿಮೆ.

ಈ ನಿರ್ಬಂಧಗಳೇ ಪಂಡಿತರಿಗೆ ಗುರುವಾದವೆಂದು ನಾವು ತಿಳಿಯುತ್ತೇವೆ. ಕಲಾಶಾಲೆ ಅವರಿಗೆ ದೇಹವನ್ನು ಕಲಿಸಿತು. ಶೋಕಾರ್ಡು ಬೆಳಕನ್ನು ಕಲಿಸಿತು. ಅವರ ಚಿತ್ರಗಳಲ್ಲಿ ಒಂದು ಕೆನ್ನೆಯ ಮೇಲೆ ಕಿತ್ತಳೆ, ಇನ್ನೊಂದರ ಮೇಲೆ ನೀಲಿ ಎಂಬಂತೆ ಎರಡು ದಿಕ್ಕಿನಿಂದ ಬೀಳುವ ಬಣ್ಣದ ಬೆಳಕು ಹಗಲಿನದಲ್ಲ, ಹಣತೆಯದೂ ಅಲ್ಲ; ಅದು ಸಿನೆಮಾ ಸ್ಟುಡಿಯೋದ ವಿದ್ಯುದ್ದೀಪದ್ದು. ಭಾರತೀಯ ಚಿತ್ರಕಲೆಗೆ ಇದು ಹೊಸದಾಗಿತ್ತು. ರವಿವರ್ಮರ ದೇವತೆಗಳು ರಂಗಸಜ್ಜಿಕೆಯ ಮುಂದೆ ನಿಂತವರು. ಪಂಡಿತರ ವ್ಯಕ್ತಿಗಳು ಕ್ಯಾಮರಾದ ಮುಂದೆ ನಿಂತವರು.

ಬಾಬುರಾವ ಪಟೇಲರ 'ಫಿಲ್ಮ್‌ಇಂಡಿಯಾ' ಮಾಸಿಕದ ಮುಖಪುಟಗಳು ಈ ಬೆಳವಣಿಗೆಯ ಮುಂದಿನ ಮೆಟ್ಟಿಲು. 1935ರಲ್ಲಿ ಆರಂಭವಾದ ಆ ಪತ್ರಿಕೆಗೆ ಮುಖಪುಟಗಳನ್ನು ಬರೆದವರಲ್ಲಿ ಪಂಡಿತರು ಮತ್ತು ರಘುವೀರ ಮುಳಗಾಂವಕರರು ಪ್ರಮುಖರು. ಇಬ್ಬರನ್ನು ಹೋಲಿಸಿದರೆ ಪಂಡಿತರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಮುಳಗಾಂವಕರರಲ್ಲಿ ವರ್ಣಗಳು ಮಂಜಿನಂತೆ ಒಂದರೊಳಗೊಂದು ಕರಗುತ್ತವೆ. ಕೈಯ ಗುರುತು ಕಾಣದಷ್ಟು ನಯ. ಪಂಡಿತರಲ್ಲಿ ಕುಂಚ ನಡೆದ ದಿಕ್ಕು ಕಾಣುತ್ತದೆ. ಕೇಶರಾಶಿ, ಸೆರಗಿನ ಮಡಿಕೆಗಳನ್ನು ಅವರು ನಾಲ್ಕಾರು ಧೀರ ಹೊಡೆತಗಳಲ್ಲಿ ಮುಗಿಸುತ್ತಾರೆ. ಕಣ್ಣು, ತುಟಿಗಳ ಬಳಿಗೆ ಬಂದಾಗ ಮಾತ್ರ ಕುಂಚ ನಿಧಾನಿಸುತ್ತದೆ. ನೋಡುವವನ ಕಣ್ಣು ಎಲ್ಲಿ ನಿಲ್ಲಬೇಕೆಂಬುದನ್ನು ವಿನ್ಯಾಸಕಾರನು ಮೊದಲೇ ನಿಶ್ಚಯಿಸಿರುತ್ತಾನೆ.

1940ರ ದಶಕದಲ್ಲಿ ಅವರು ಮುಂಬಯಿಯಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಹಿಂದೀ ಚಿತ್ರಗಳ ಭಿತ್ತಿಪತ್ರಗಳ ಜೊತೆಗೆ ಕ್ಯಾಲೆಂಡರಿನ ಕೆಲಸವೂ ಬೆಳೆಯಿತು. ರಾಧಾಕೃಷ್ಣ, ವಿಶ್ವಾಮಿತ್ರ-ಮೇನಕೆ ಮೊದಲಾದ ವಸ್ತುಗಳು ಬಂದವು. ಚಿತ್ರ ಅಚ್ಚಾಗಿ ಸಾವಿರಾರು ಪ್ರತಿಗಳಲ್ಲಿ ಹರಡಿತು. ಕಿರಾಣಿ ಅಂಗಡಿ, ಅಡತಿ, ಬೇಳೆಗಿರಣಿಗಳು ಹೊಸ ವರ್ಷಕ್ಕೆ ಗಿರಾಕಿಗಳಿಗೆ ಕೊಡುವ ಕ್ಯಾಲೆಂಡರು ನಮ್ಮ ಐದು ಊರುಗಳಲ್ಲಿಯೂ ಮನೆಮನೆಯ ಗೋಡೆಯೇರುತ್ತದೆ. ವರ್ಷ ಕಳೆದ ಮೇಲೆ ತಾರೀಖಿನ ಭಾಗ ಕತ್ತರಿಸಿ ಹೋಗುತ್ತದೆ; ಚಿತ್ರಕ್ಕೆ ಚೌಕಟ್ಟು ಬಿದ್ದು ಅದು ದೇವರ ಜಗಲಿ ಸೇರುತ್ತದೆ. ಕಲಾಶಾಲೆಯ ಹೆಸರನ್ನೇ ಕೇಳದ ಮನೆಗಳಿಗೆ ಸಜೀವ ಮಾದರಿಯ ಅಭ್ಯಾಸದ ಫಲ ಈ ಬಗೆಯಲ್ಲಿ ತಲುಪಿತು. ಇದನ್ನು ಅಗ್ಗದ ಕಲೆಯೆಂದು ತಳ್ಳಿಹಾಕುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

ಹಾಗೆಂದು ಈ ಶೈಲಿಯ ಕೊರತೆಗಳನ್ನು ಮುಚ್ಚಿಡಲೂ ಆಗದು. ಚಿತ್ರತಾರೆಯ ಮುಖಕ್ಕೆ ಒಪ್ಪಿದ ಬೆಳಕು ಋಷಿಯ ಮುಖಕ್ಕೂ ಒಪ್ಪಬೇಕೆಂದಿಲ್ಲ. ಪ್ರೌಢ ಕಾಲದ ಪೌರಾಣಿಕ ಚಿತ್ರಗಳಲ್ಲಿ ತಪಸ್ವಿಯ ದೇಹ ಮಲ್ಲನ ದೇಹವಾಗಿದೆ. ಭಾವ ಒಳಗಿನಿಂದ ಮೂಡುವ ಬದಲು ಹೊರಗಿನ ದೀಪದಿಂದ ಬೀಳುತ್ತದೆ. ನಾಯಿಕೆಯರೆಲ್ಲ ಒಂದೇ ಗೌರವರ್ಣದವರು. ಬಿಳಿಜೋಳದ ಹೊಲದಲ್ಲಿಯೂ ಶಹಾಬಾದದ ಕಲ್ಲುಗಣಿಯಲ್ಲಿಯೂ ದುಡಿಯುವ ಹೆಣ್ಣಿನ ಮೈಬಣ್ಣ ಈ ದೇವಲೋಕದಲ್ಲಿ ಕಾಣದು. ವಿನ್ಯಾಸಗಳಲ್ಲಿ ಅವಸರವೇ ಮಿತವ್ಯಯವನ್ನು ಕಲಿಸಿತ್ತು. ಬಿಡುವು ದೊರೆತಾಗ ಆಭರಣ, ಮೋಡ, ಹೂಗಳು ಚಿತ್ರವನ್ನು ತುಂಬಿದವು. ಆದುದರಿಂದ ತರುಣ ಪಂಡಿತರ ಮುಖಪುಟಗಳು ಅವರ ದೊಡ್ಡ ತೈಲಚಿತ್ರಗಳಿಗಿಂತ ಕಲೆಯ ದೃಷ್ಟಿಯಿಂದ ಮೇಲೆಂದು ನಾವು ಹೇಳಬೇಕಾಗುತ್ತದೆ.

ಈ ನೆಲದ ಶಿಲ್ಪಪರಂಪರೆಯಿಂದ ಅವರು ಏನನ್ನೂ ಪಡೆಯಲಿಲ್ಲವೇಕೆ ಎಂದು ಕೆಲವರು ಕೇಳಬಹುದು. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯ ಬೌದ್ಧಸ್ತೂಪದಲ್ಲಿ ಇಲ್ಲಿಯ ಸುಣ್ಣಗಲ್ಲಿನಲ್ಲಿಯೇ ಕಡೆದ ಉಬ್ಬುಚಿತ್ರಗಳಿವೆ. 'ರಾಯ ಅಸೋಕೋ' ಎಂಬ ಬರಹವುಳ್ಳ ಫಲಕದಲ್ಲಿ ರಾಜನೂ ಸ್ತ್ರೀಪರಿವಾರವೂ ಹೊರಗಿನ ಯಾವ ಬೆಳಕಿನ ಹಂಗಿಲ್ಲದೆ ಗಾಂಭೀರ್ಯದಿಂದ ನಿಂತಿದ್ದಾರೆ. ಆದರೆ ಇತಿಹಾಸಕಾರನು ಕಾಲಕ್ರಮವನ್ನು ಮರೆಯಬಾರದು. ಆ ಸ್ತೂಪದ ಉತ್ಖನನ ನಡೆದದ್ದು 1990ರ ದಶಕದಲ್ಲಿ. ಪಂಡಿತರು 1993ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಮಣ್ಣಿನಡಿ ಇದ್ದುದನ್ನು ಅವರು ನೋಡಲಿಲ್ಲವೆಂದು ಆಕ್ಷೇಪಿಸುವುದು ಅನ್ಯಾಯ. ಅವರ ಕಣ್ಣೆದುರು ಇದ್ದದ್ದು ಮುಂಬಯಿ ಮತ್ತು ಅದರ ಬೆಳ್ಳಿತೆರೆ. ಅದರಿಂದ ಪಡೆಯಬಹುದಾದದ್ದನ್ನು ಅವರು ಪೂರ್ಣವಾಗಿ ಪಡೆದರು.

ಕೊನೆಯದಾಗಿ ಆಧಾರಗಳ ಪ್ರಶ್ನೆ. ಮಳಖೇಡದ ಕೋಟೆ, ನಾಗಾವಿಯ ಶಾಸನ ಇವುಗಳ ವಿಷಯದಲ್ಲಿ ನಮ್ಮವರ ಶ್ರದ್ಧೆ ಶ್ಲಾಘ್ಯವಾದದ್ದು. ಶಾಸನದ ಒಂದಕ್ಷರ ಸವೆದರೆ ನಾವು ಕಳವಳಗೊಳ್ಳುತ್ತೇವೆ. ಕಾಗದವಾದರೋ ಕಲ್ಲಿನಂತೆ ಕಾಯುವುದಿಲ್ಲ. ಶೋಕಾರ್ಡುಗಳು ವಾರ ಕಳೆದೊಡನೆ ಬಿಸುಟು ಹೋದವು. ಹಳೆಯ ಕ್ಯಾಲೆಂಡರುಗಳನ್ನು ಮನೆ ಸುಣ್ಣಬಣ್ಣವಾಗುವಾಗ ಗೋಡೆಯಿಂದಿಳಿಸಿ ರದ್ದಿಗೆ ಹಾಕುತ್ತೇವೆ. ಹೀಗೆ ಹೋದದ್ದು ಕೇವಲ ಚಿತ್ರವಲ್ಲ. ನಮ್ಮ ಹಿರಿಯರು ದೇವರನ್ನೂ ಸೌಂದರ್ಯವನ್ನೂ ಯಾವ ರೂಪದಲ್ಲಿ ಕಂಡರೆಂಬುದರ ಸಾಕ್ಷ್ಯ. ಈ ಐದು ಊರುಗಳ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳ ಗೋಡೆಯಿಂದಲೇ ಆರಂಭಿಸಲಿ. ಚಿತ್ರದ ಮೂಲೆಯಲ್ಲಿರುವ ಚಿತ್ರಕಾರನ ಸಹಿ, ಮುದ್ರಣಾಲಯದ ಹೆಸರು, ಕೊಟ್ಟ ಅಂಗಡಿ, ವರ್ಷ ಇಷ್ಟನ್ನು ಬರೆದಿಟ್ಟರೂ ಸಾಕು. ರಂಗಮಂದಿರಕ್ಕೆ ಹೆಸರಿಟ್ಟು ನಾವು ಪಂಡಿತರ ಋಣವನ್ನು ಅರ್ಧ ಮಾತ್ರ ತೀರಿಸಿದ್ದೇವೆ. ಉಳಿದರ್ಧ ಅವರ ಕೃತಿಗಳನ್ನು ಕಣ್ದೆರೆದು ನೋಡುವುದರಿಂದ ತೀರಬೇಕಾಗಿದೆ.