ನೇರ ಚಕ್ರ, ಸಡಿಲ ಕಡ್ಡಿ

ಸ್ಪೋಕ್ ಚಕ್ರದ ಬೆಂಡನ್ನು ಮನೆಯಲ್ಲೇ ತೆಗೆದುಕೊಳ್ಳುವ ಬೈಕ್ ಪ್ರಿಯರು ಟೊರೊಂಟೊ, ಬ್ರ್ಯಾಂಪ್ಟನ್, ಮಿಸ್ಸಿಸಾಗಾ ಕಡೆಗಳಲ್ಲಿ ಇದ್ದಾರೆ. ಅದಕ್ಕೆ ಕಾರಣಗಳೂ ಇವೆ. ಹಿಮ ಬೀಳುವ ತಿಂಗಳುಗಳಲ್ಲಿ ಬೈಕು ಗ್ಯಾರೇಜು ಸೇರುತ್ತದೆ, ಸವಾರನ ಕೈಗೆ ಬಿಡುವು ಸಿಗುತ್ತದೆ. ಮೆಕ್ಯಾನಿಕ್ ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಕೇಳುತ್ತಾನೆ. ಅಲಾಯ್ ಚಕ್ರಗಳು ಬಂದ ಮೇಲೆ ಕಡ್ಡಿಯ ಕೆಲಸ ಬಲ್ಲವರೂ ಕಡಿಮೆ. ಹೀಗಾಗಿ ರೂಢಿಯನ್ನು ತಪ್ಪೆನ್ನಲಾಗದು. ತಕರಾರಿರುವುದು ಅದು ನಡೆಯುವ ರೀತಿಯ ಬಗ್ಗೆ.

ಆ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಡಬಲ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ನೆಲದಿಂದ ಎತ್ತುತ್ತಾರೆ. ಫೋರ್ಕಿಗೆ ಒಂದು ಕೇಬಲ್ ಟೈ ಬಿಗಿದು ಅದರ ತುದಿಯನ್ನು ರಿಮ್ಮಿನ ಪಕ್ಕಕ್ಕೆ ತಂದಿಡುತ್ತಾರೆ. ಚಕ್ರ ತಿರುಗಿಸಿ, ರಿಮ್ ತುದಿಗೆ ತಾಗುವ ಜಾಗ ಗುರುತಿಸಿ, ಅಲ್ಲಿ ಕಡ್ಡಿಗಳನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್‌ಗಳನ್ನು ಬಿಗಿ ಮಾಡುತ್ತಾರೆ. ತಾಗುವುದು ನಿಂತರೆ ಕೆಲಸ ಮುಗಿಯಿತು. ಇನ್ನೂ ಹುರುಪಿದ್ದವರು ಡಯಲ್ ಗೇಜ್ ತಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಬೆನ್ನು ಹತ್ತುತ್ತಾರೆ. ಅಷ್ಟೆಲ್ಲ ಬೇಕಿಲ್ಲ. ಪಕ್ಕದ ಓಲಾಟಕ್ಕೂ ಮೇಲು-ಕೆಳಗಿನ ಏರಿಳಿತಕ್ಕೂ ಜಪಾನಿ ಬೈಕುಗಳ ಕೈಪಿಡಿಗಳು ಸಾಮಾನ್ಯವಾಗಿ ಕೊಡುವ ಮಿತಿ 2 ಮಿ.ಮೀ.

ಈ ಕ್ರಮದ ದೊಡ್ಡ ಕೊರತೆಯೆಂದರೆ ಅದು ಕಣ್ಣನ್ನು ಮಾತ್ರ ನಂಬುತ್ತದೆ. ಸ್ಪೋಕ್ ಚಕ್ರ ಬಲವಾಗಿ ನಿಲ್ಲುವುದು ಎಲ್ಲ ಕಡ್ಡಿಗಳೂ ಸಮನಾಗಿ ಎಳೆದು ಹಿಡಿದಾಗ. ಒಂದೆಡೆಯ ನಾಲ್ಕು ಕಡ್ಡಿಗಳನ್ನು ವಿಪರೀತ ಬಿಗಿದು, ಪಕ್ಕದ ನಾಲ್ಕನ್ನು ಸಡಿಲ ಬಿಟ್ಟರೂ ರಿಮ್ ನೇರವಾಗಿ ತಿರುಗಬಹುದು. ಆದರೆ ಸಡಿಲ ಕಡ್ಡಿ ಪ್ರತಿ ಸುತ್ತಿನಲ್ಲೂ ಮಿಸುಕಾಡುತ್ತದೆ, ಹಬ್ಬಿನ ಬಳಿ ಬಾಗಿದ ಭಾಗದಲ್ಲಿ ದಣಿದು ಒಂದು ದಿನ ಮುರಿಯುತ್ತದೆ. ಆಗ ಅದರ ಭಾರ ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ. ಆದ್ದರಿಂದ ಪರೀಕ್ಷೆ ಶುರುವಾಗಬೇಕಾದದ್ದು ಕಿವಿಯಿಂದ. ಪಾನಾದಿಂದ ಒಂದೊಂದೇ ಕಡ್ಡಿಯನ್ನು ಮೆಲ್ಲಗೆ ತಟ್ಟಬೇಕು. ಬಿಗಿ ಇರುವುದು ಠಣ್ಣೆನ್ನುತ್ತದೆ, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ಮೃದಂಗದವರು ಮುಚ್ಚಿಗೆಯ ಸುತ್ತ ತಟ್ಟುತ್ತ ಎಲ್ಲೆಡೆ ಒಂದೇ ನಾದ ಬರುವ ಹಾಗೆ ಮಾಡಿಕೊಳ್ಳುವುದೂ ಇದೇ ಲೆಕ್ಕದಲ್ಲಿ.

ಎರಡನೆಯ ಕೊರತೆ, ಬಿಗಿ ಮಾಡುವುದೊಂದೇ ಗೊತ್ತಿರುವುದು. ರಿಮ್ ಎಡಕ್ಕೆ ಬರಬೇಕಿದ್ದರೆ ಹಬ್ಬಿನ ಎಡಬದಿಯ ಕಡ್ಡಿಗಳನ್ನು ಕಾಲು ಸುತ್ತು ಬಿಗಿ ಮಾಡಿ, ಎದುರಿನವನ್ನು ಅಷ್ಟೇ ಸಡಿಲಿಸಬೇಕು. ಬರೀ ಬಿಗಿಯುತ್ತ ಹೋದರೆ ಆ ಜಾಗದಲ್ಲಿ ರಿಮ್ ಒಳಕ್ಕೆ ಸರಿದು, ಓಲಾಟ ಹೋಗಿ ಏರಿಳಿತ ಬರುತ್ತದೆ. ಟ್ಯೂಬ್ ಇರುವ ಚಕ್ರದಲ್ಲಿ ಇನ್ನೊಂದು ಅಪಾಯವೂ ಉಂಟು: ಬಹಳ ಬಿಗಿದರೆ ಕಡ್ಡಿಯ ತುದಿ ನಿಪ್ಪಲ್ ದಾಟಿ ಹೊರಬಂದು ಟ್ಯೂಬನ್ನು ಚುಚ್ಚುತ್ತದೆ. ಒಂದೆರಡು ಸುತ್ತಿಗಿಂತ ಹೆಚ್ಚು ಬೇಕಾದರೆ ಟೈರ್ ಬಿಚ್ಚಿ ತುದಿಯನ್ನು ಅರದಿಂದ ಉಜ್ಜುವುದೇ ಸರಿ.

ಮೂರನೆಯದು ಈ ಊರಿನದೇ ಸಮಸ್ಯೆ. ಚಳಿಗಾಲದಲ್ಲಿ ಹಿಮ ಕರಗಿಸಲು ಎರಚಿದ ಉಪ್ಪು ವಸಂತದ ಮಳೆ ತೊಳೆಯುವ ತನಕ ರಸ್ತೆಯಲ್ಲೇ ಇರುತ್ತದೆ. ಅದು ನಿಪ್ಪಲ್‌ಗೆ ಸೇರಿದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಅಂಥದ್ದನ್ನು ಜೋರು ಮಾಡಿ ತಿರುಗಿಸಿದರೆ ನಿಪ್ಪಲ್ ತಿರುಗುವ ಬದಲು ಕಡ್ಡಿಯೇ ತಿರುಚಿಕೊಳ್ಳುತ್ತದೆ, ಇಲ್ಲವೇ ನಿಪ್ಪಲ್ಲಿನ ಅಂಚು ಸವೆದು ಪಾನಾ ಜಾರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವ ತಾಳ್ಮೆ ಬೇಕು. ಹಿಮ ಕಟ್ಟಿ ಕರಗುವ ಕಾಲದಲ್ಲಿ ಬಿದ್ದ ಗುಂಡಿಗಳ ಪೆಟ್ಟೂ ಚಕ್ರಕ್ಕೇ. ನಮ್ಮ ಪೇಟೆಯ ನಿಧಾನ ಓಡಾಟದಲ್ಲಿ ಗೊತ್ತೇ ಆಗದ ಓಲಾಟ ಹೆದ್ದಾರಿ 401ರ ಮೇಲೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹ್ಯಾಂಡಲ್ಲಿಗೇ ಬರಬಹುದು.

ಉಪಕರಣಕ್ಕಿಂತ ಕೈಯ ಅಂದಾಜು ದೊಡ್ಡದು ಎನ್ನಲು ಹಳೆಯ ಮೆಕ್ಯಾನಿಕ್‌ಗಳನ್ನು ನೆನೆದರೆ ಸಾಕು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಓಡಿದ್ದು ಸ್ಪೋಕ್ ಚಕ್ರಗಳ ಮೇಲೆ. ಅವುಗಳ ಬೆಂಡು ತೆಗೆಯುತ್ತಿದ್ದವರ ಬಳಿ ಡಯಲ್ ಗೇಜ್ ಇರಲಿಲ್ಲ. ಹಳೆಯ ಫೋರ್ಕಿಗೆ ಚಕ್ರ ಸಿಕ್ಕಿಸಿ ಸೀಮೆಸುಣ್ಣ ಹಿಡಿದರೆ ಸಾಕಿತ್ತು. ಆದರೆ ಅವರ ಬೆರಳಿಗೆ ಬಿಗಿ ಗೊತ್ತಿತ್ತು. ಉಪಕರಣ ಕೊಂಡು ತರಬಹುದು, ಆ ಅಂದಾಜು ಅನೇಕ ಚಕ್ರಗಳು ಕೈದಾಟಿದ ಮೇಲೆ ಬರುವಂಥದ್ದು. ವರ್ಷಕ್ಕೊಂದು ಚಕ್ರ ನೋಡುವ ಹವ್ಯಾಸಿ ಈ ಅಂತರವನ್ನು ಒಪ್ಪಿಕೊಂಡೇ ಪಾನಾ ಹಿಡಿಯಬೇಕು.

ಹಾಗಾಗಿ ಗೆರೆ ಎಳೆಯುವುದು ಕಷ್ಟವಲ್ಲ. ಪರೀಕ್ಷೆ ಪೂರ್ತಿಯಾಗಿ ಮನೆಯಲ್ಲೇ ನಡೆಯಲಿ: ಏಪ್ರಿಲ್‌ನಲ್ಲಿ ಬೈಕು ಹೊರತೆಗೆಯುವ ಮುನ್ನ ಚಕ್ರವನ್ನು ಅಲುಗಾಡಿಸಿ ಬೇರಿಂಗ್ ನೋಡುವುದು, ಕಡ್ಡಿ ತಟ್ಟುವುದು, ಓಲಾಟ ಅಳೆಯುವುದು. ಹೊಸದಾಗಿ ಕಡ್ಡಿ ಕಟ್ಟಿಸಿದ ಚಕ್ರವಾದರೆ ಮೊದಲ ಕೆಲವು ನೂರು ಕಿ.ಮೀ. ಆದ ಮೇಲೆ ಮತ್ತೊಮ್ಮೆ. ಒಂದೆರಡು ಸಡಿಲ ಕಡ್ಡಿ, ಸಣ್ಣ ಪಕ್ಕದ ಓಲಾಟ ಸರಿಪಡಿಸುವುದೂ ಮನೆಯ ಕೆಲಸವೇ. ಮುರಿದ ಕಡ್ಡಿ, ಗುಂಡಿಗೆ ಬಿದ್ದು ಚಪ್ಪಟೆಯಾದ ರಿಮ್, ಮಿತಿ ದಾಟಿದ ಏರಿಳಿತ, ಒಳಗೆ ಸೀಲ್ ಮಾಡಿದ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ, ಇವಿಷ್ಟನ್ನು ಬಲ್ಲವರ ಕೈಗೆ ಕೊಡಿ. ಅಲ್ಲಿ ಉಳಿಸುವ ಡಾಲರು ಉಳಿತಾಯವಲ್ಲ.