ಬೆಸುಗೆ ಬಿಡಿಸುವ ಪಂಪಿನ ಗುಣದೋಷ

ಎಲೆಕ್ಟ್ರಾನಿಕ್ಸ್ ರಿಪೇರಿಯವರ ಮೇಜಿನ ಮೇಲೆ ಅತಿ ಕಡಿಮೆ ಮರ್ಯಾದೆ ಪಡೆದ ಸಾಮಾನು ಡಿಸೋಲ್ಡರಿಂಗ್ ಪಂಪ್. ಮಲ್ಟಿಮೀಟರಿಗೆ ಚೀಲ ಉಂಟು, ಸೋಲ್ಡರಿಂಗ್ ಐರನ್ನಿಗೆ ಸ್ಟ್ಯಾಂಡ್ ಉಂಟು. ಪಂಪು ಮಾತ್ರ ಸ್ಕ್ರೂಡ್ರೈವರುಗಳ ನಡುವೆ ಎಲ್ಲೋ ಬಿದ್ದಿರುತ್ತದೆ, ಮೂತಿಯಲ್ಲಿ ಹಳೆಯ ಬೆಸುಗೆಯ ಚೂರು ಕಚ್ಚಿಕೊಂಡು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘ಒಂದು ಸಕರ್ ಕೊಡಿ’ ಎಂದರೆ ಯಾವುದು ಬೇಕು ಎಂದು ಕೇಳುವವರೂ ಕಡಿಮೆ. ಆದರೆ ಯಂತ್ರವಿನ್ಯಾಸದ ಕಣ್ಣಿನಿಂದ ನೋಡಿದರೆ ಆ ಮೇಜಿನ ಮೇಲೆ ಇದಕ್ಕಿಂತ ಜಾಣ ವಸ್ತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದರಷ್ಟು ಕೆಟ್ಟದಾಗಿ ನಕಲಾದದ್ದೂ ಇನ್ನೊಂದಿಲ್ಲ.

ವಾಲ್ವ್ ರೇಡಿಯೊಗಳ ಕಾಲದಲ್ಲಿ ಇಂಥ ಉಪಕರಣ ಇಲ್ಲವೆಂದು ಯಾರೂ ಕೊರಗಿರಲಾರರು. ರೆಸಿಸ್ಟರು, ಕಂಡೆನ್ಸರುಗಳ ಕಾಲನ್ನು ಟ್ಯಾಗಿಗೆ ಸುತ್ತಿ ಬೆಸೆಯುತ್ತಿದ್ದರು. ಕೆಟ್ಟರೆ ಕಾಯಿಸಿ ಬಿಚ್ಚಿದರಾಯಿತು, ಅದೂ ಆಗದಿದ್ದರೆ ಕತ್ತರಿಸಿ ಹೊಸದನ್ನು ಸೇರಿಸಿದರಾಯಿತು. 1949ರಲ್ಲಿ ಅಮೆರಿಕದ ಸೇನೆಯ ಸಿಗ್ನಲ್ ಕೋರ್‌ನ ಮೋ ಅಬ್ರಾಮ್‌ಸನ್ ಮತ್ತು ಸ್ಟಾನಿಸ್ಲಾಸ್ ಡಾಂಕೊ, ಬಿಡಿಭಾಗಗಳ ಕಾಲುಗಳನ್ನು ತಾಮ್ರದ ಗೆರೆಗಳಿರುವ ಬೋರ್ಡಿನ ತೂತುಗಳಲ್ಲಿ ಇಳಿಬಿಟ್ಟು ಎಲ್ಲವನ್ನೂ ಒಂದೇ ಅದ್ದುವಿಕೆಯಲ್ಲಿ ಬೆಸೆಯುವ ವಿಧಾನ ರೂಪಿಸಿದರು. ಕಾರ್ಖಾನೆಯ ಕೆಲಸ ಹಗುರಾಯಿತು, ಬಿಡಿಸುವ ಪಾಡು ರಿಪೇರಿಯವನ ಪಾಲಿಗೆ ಬಂತು. 1964ರ ಸುಮಾರಿಗೆ ಫೇರ್‌ಚೈಲ್ಡ್ ಕಂಪನಿ ಎರಡು ಸಾಲು ಕಾಲುಗಳ 14 ಪಿನ್ ಐಸಿ ತಂದಾಗ ಆ ಪಾಡು ಇನ್ನೂ ಹೆಚ್ಚಿತು. ಹದಿಮೂರು ಕಾಲು ಬಿಟ್ಟುಕೊಂಡರೂ ಐಸಿ ಮೇಲೇಳದು. ಉಳಿದ ಒಂದನ್ನು ಮೀಟಲು ಹೋದರೆ ತಾಮ್ರದ ಪ್ಯಾಡೇ ಬೋರ್ಡಿನಿಂದ ಕಿತ್ತು ಬರುತ್ತದೆ.

ಕರಗಿದ ಬೆಸುಗೆಯನ್ನು ರಬ್ಬರ್ ಬಲ್ಬ್ ಹಿಂಡಿ ಎಳೆಯುವುದು, ಬೋರ್ಡನ್ನು ಮೇಜಿಗೆ ಕುಟ್ಟಿ ಉದುರಿಸುವುದು, ಎಲ್ಲವೂ ನಡೆದಿವೆ, ಈಗಲೂ ನಡೆಯುತ್ತವೆ. ಇವುಗಳ ನಡುವೆ ನಿಂತು ಉಳಿದದ್ದು ಸ್ಪ್ರಿಂಗ್ ಪಂಪು. ಅದನ್ನು ಹೆಸರುವಾಸಿ ಮಾಡಿದ್ದು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನ ಎಡ್ಸಿನ್ ಕಂಪನಿಯ ‘ಸೋಲ್ಡಪುಲ್ಟ್’. ಅದರ ಹಿಂದಿದ್ದವರು ವಿಲಿಯಂ ಎಸ್. ಫಾರ್ಚೂನ್, ಬೆಸುಗೆ ಬಿಡಿಸುವ ಉಪಕರಣಗಳಿಗೆ ಅವರ ಹೆಸರಿನಲ್ಲಿರುವ ಪೇಟೆಂಟುಗಳು ಒಂದೆರಡಲ್ಲ. ಇಂದು ಪೇಟೆಯಲ್ಲಿ ಸಿಗುವ ಅಗ್ಗದ ಪಂಪುಗಳ ಆಕಾರವೂ ಬಹುಮಟ್ಟಿಗೆ ಅದರದೇ.

ಒಳಗಿನ ಕೆಲಸ ಹೀಗೆ: ಹೆಬ್ಬೆರಳಿನಿಂದ ದಂಡವನ್ನು ಒತ್ತಿದರೆ ಸ್ಪ್ರಿಂಗ್ ಬಿಗಿದು ಕೊಂಡಿ ಬೀಳುತ್ತದೆ. ಗುಂಡಿ ಒತ್ತಿದ ಕೂಡಲೇ ಪಿಸ್ಟನ್ ಚಂಗನೆ ಹಿಂದಕ್ಕೆ ಹಾರುತ್ತದೆ, ಮೂತಿಯಿಂದ ಗಾಳಿಯ ಜೊತೆಗೆ ಕರಗಿದ ಬೆಸುಗೆಯೂ ಒಳನುಗ್ಗುತ್ತದೆ. ಮತ್ತೆ ದಂಡ ಒತ್ತುವಾಗ ಪಿಸ್ಟನ್ನಿನ ತುದಿಯ ಸಣ್ಣ ಕಡ್ಡಿ ಮೂತಿಯ ತೂತಿನಲ್ಲಿ ಹಾದುಬಂದು ಗಟ್ಟಿಯಾದ ಚೂರನ್ನು ಹೊರಕ್ಕೆ ನೂಕುತ್ತದೆ. ಮುಂದಿನ ಎಳೆತಕ್ಕೆ ಸಜ್ಜು ಮಾಡುವ ಒತ್ತುವಿಕೆಯಲ್ಲೇ ಹಿಂದಿನದರ ಕೊಳೆಯೂ ಹೋಯಿತು. ಈ ಒಂದು ಜೋಡಣೆಗೆ ಪೂರ್ತಿ ಅಂಕ ಕೊಡಲು ನನಗೆ ಅಡ್ಡಿಯಿಲ್ಲ.

ಏಕೆಂದರೆ ಈ ಕೆಲಸದಲ್ಲಿ ಬಲಕ್ಕಿಂತ ಸಮಯ ದೊಡ್ಡದು. 63 ಪಾಲು ತವರ, 37 ಪಾಲು ಸೀಸದ ಮಿಶ್ರಲೋಹ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥಟ್ಟನೆ ಕರಗುತ್ತದೆ, ಅಲ್ಲಿಂದ ಕೆಳಗಿಳಿದರೆ ಅಷ್ಟೇ ಥಟ್ಟನೆ ಗಟ್ಟಿಯಾಗುತ್ತದೆ. ಐರನ್ ಎತ್ತಿ ಮೂತಿ ಇಡುವಷ್ಟರಲ್ಲಿ ಅವಕಾಶ ಕೈತಪ್ಪಿರುತ್ತದೆ. ಯಾವ ಪಂಪೂ ಒಂದು ವಾತಾವರಣದ ಒತ್ತಡಕ್ಕಿಂತ ಹೆಚ್ಚು ಎಳೆಯಲಾರದು. ಹಾಗಾಗಿ ಇನ್ನೂ ಬಿರುಸಾದ ಸ್ಪ್ರಿಂಗ್ ಹಾಕಿದರೆ ಸಾಕೆಂಬ ಯೋಚನೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಎಳೆತ ಎಷ್ಟು ಬೇಗ ಹುಟ್ಟುತ್ತದೆ, ಮೂತಿ ಪ್ಯಾಡಿನ ಮೇಲೆ ಗಾಳಿ ಸೋರದಂತೆ ಕೂರುತ್ತದೆಯೇ ಎಂಬುದೇ ಮುಖ್ಯ. ಮೊದಲನೆಯದನ್ನು ಸ್ಪ್ರಿಂಗ್ ಬಗೆಹರಿಸಿತು.

ಬಗೆಹರಿಸುವಾಗ ಹೊಸ ತಕರಾರುಗಳನ್ನೂ ತಂದಿತು. ಪಿಸ್ಟನ್ ಹಿಂದಕ್ಕೆ ಹಾರಿದಾಗ ಕೊಳವೆ ಮುಂದಕ್ಕೆ ಒದೆಯುತ್ತದೆ. ಮೂತಿ ಜಾರುವುದೂ ಕಾದು ಸಡಿಲಾದ ಪ್ಯಾಡಿಗೆ ಪೆಟ್ಟು ಬೀಳುವುದೂ ಆ ಒದೆತದಿಂದಲೇ. ದಂಡ ಮೇಲಕ್ಕೆ ಚಿಮ್ಮುವ ಮಾದರಿಗಳಲ್ಲಿ ಬೋರ್ಡಿನ ಮೇಲೆ ಬಗ್ಗಿ ಕೂತವನ ಕಣ್ಣಿಗೂ ಅಪಾಯ. ಅದಕ್ಕೇ ಒಳ್ಳೆಯ ಪಂಪುಗಳಲ್ಲಿ ದಂಡದ ಸುತ್ತ ಕಮಾನಿನಂಥ ತಡೆ ಇರುತ್ತದೆ. ಇನ್ನೊಂದು ತಕರಾರು ಕಣ್ಣಿಗೆ ಕಾಣದ್ದು: ಪ್ಲಾಸ್ಟಿಕ್ ಕೊಳವೆಯೊಳಗೆ ರಬ್ಬರ್ ಸೀಲು ಉಜ್ಜಿಕೊಂಡು ಓಡಿದರೆ ಸ್ಥಿರವಿದ್ಯುತ್ ಹುಟ್ಟುತ್ತದೆ. ವಾಲ್ವಿಗೆ ಅದು ಲೆಕ್ಕಕ್ಕಿಲ್ಲ. ಸಿಮಾಸ್ ಐಸಿಯೊಳಗಿನ ತೆಳು ಆಕ್ಸೈಡ್ ಪದರಕ್ಕೆ ಅದೇ ಸಾಕು. ಕೆಟ್ಟ ಐಸಿ ತೆಗೆಯಲು ಹೋಗಿ ಪಕ್ಕದ ಒಳ್ಳೆಯದನ್ನು ಕೊಂದ ಉಪಕರಣ ಎಂಬ ಅಪವಾದ ಬಂದರೆ ಆಶ್ಚರ್ಯವಿಲ್ಲ. ಎಡ್ಸಿನ್ ಇದಕ್ಕೆಂದೇ ವಿದ್ಯುತ್ತನ್ನು ಹರಿಯಬಿಡುವ ಪ್ಲಾಸ್ಟಿಕ್ಕಿನ ಮಾದರಿಗಳನ್ನು ತಂದಿತು. ಇಂಥ ಉಪಕರಣದ ಪೇಟೆಂಟುಗಳನ್ನು ಕೆಲಸಗಾರನ ಗೊಣಗಾಟಕ್ಕೆ ಒಂದೊಂದಾಗಿ ಬಂದ ಉತ್ತರಗಳೆಂದು ಓದಿದರೆ ರುಚಿ ಹೆಚ್ಚು.

ಇನ್ನು ಮೂತಿ, ಸಾಮಾನ್ಯವಾಗಿ ಟೆಫ್ಲಾನಿನದು. ಟೆಫ್ಲಾನಿಗೆ ಬೆಸುಗೆ ಅಂಟದು, ಅದು ದೊಡ್ಡ ಗುಣ. ಆದರೆ ಸುಮಾರು 327 ಡಿಗ್ರಿಯಲ್ಲಿ ಅದೂ ಸೋಲುತ್ತದೆ, ಐರನ್ನಿನ ಬಿಟ್ 350ರ ಆಸುಪಾಸಿನಲ್ಲಿರುತ್ತದೆ. ತಾಗಿಸಿದಷ್ಟೂ ಸವೆಯುತ್ತದೆ, ತೂತು ಅಗಲವಾಗುತ್ತದೆ, ಎಳೆತ ಇಳಿಯುತ್ತದೆ. ಜೊತೆಗೆ ಗಟ್ಟಿ ಮೂತಿ ಬಿಟ್ಟಿನ ಪಕ್ಕ ಸರಿಯಾಗಿ ಕೂರುವುದಿಲ್ಲ; ಸಂದಿನಿಂದ ಬರೀ ಗಾಳಿ ಒಳಹೋಗುತ್ತದೆ. ಜಪಾನಿನ ಒಸಾಕದ ಎಂಜಿನಿಯರ್ ಎಂಬ ಕಂಪನಿ ತನ್ನ ಎಸ್‌ಎಸ್-02 ಪಂಪಿಗೆ ಮೂತಿಯಾಗಿ ಮೆತ್ತನೆಯ ಸಿಲಿಕೋನ್ ಕೊಳವೆಯ ತುಂಡು ಇಟ್ಟಿತು. ಅದು ಬಗ್ಗುತ್ತದೆ, ಕಾಲನ್ನೂ ಬಿಟ್ಟಿನ ತುದಿಯನ್ನೂ ತಬ್ಬಿಕೊಂಡಂತೆ ಪ್ಯಾಡಿನ ಮೇಲೆ ಕೂರುತ್ತದೆ. ಐರನ್ ಎತ್ತದೆಯೇ ಗುಂಡಿ ಒತ್ತಬಹುದು. ಒದೆತವನ್ನೂ ಅದೇ ನುಂಗಿಕೊಳ್ಳುತ್ತದೆ. ಸವೆದರೆ ಒಂದು ತುಂಡು ಕತ್ತರಿಸಿ ಸಿಕ್ಕಿಸಿದರಾಯಿತು. ಸ್ಪ್ರಿಂಗಿನ ನಂತರ ಈ ಉಪಕರಣದಲ್ಲಿ ಆದ ನಿಜವಾದ ಸುಧಾರಣೆ ಇದೊಂದೇ ಎಂದು ಹೇಳುವ ಧೈರ್ಯ ಮಾಡುತ್ತೇನೆ, ಅದರಲ್ಲಿ ಯಂತ್ರವೇ ಇಲ್ಲದಿದ್ದರೂ!

ಅಗ್ಗದ ನಕಲುಗಳ ದೋಷ ಹೇಳುವುದು ಸುಲಭ. ಹೊರಗಿನ ಆಕಾರ ಬಂತು, ದಂಡದ ತಡೆ ಬರಲಿಲ್ಲ. ಕೊಳವೆ ಬಂತು, ಗಾಳಿ ಹಿಡಿಯುವ ಸೀಲು ಬರಲಿಲ್ಲ. ಮೂತಿ ಸವೆದರೆ ಬಿಡಿ ಮೂತಿ ಸಿಗದೆ ಪಂಪನ್ನೇ ಎಸೆಯಬೇಕು. ರಿಪೇರಿಗೆಂದೇ ಹುಟ್ಟಿದ ಸಾಮಾನನ್ನು ರಿಪೇರಿ ಮಾಡಲಾಗದು ಎಂದರೆ ಸಿಟ್ಟು ಬರುವುದು ಸಹಜ.

ಒಳ್ಳೆಯ ಪಂಪಿಗೂ ಎಲ್ಲೆ ಇದೆ. ತೂತಿನ ಒಳಗೋಡೆಗೂ ತಾಮ್ರ ಹಚ್ಚಿದ, ನಾಲ್ಕಾರು ಪದರಗಳ ಬೋರ್ಡಿನಲ್ಲಿ ಗ್ರೌಂಡಿಗೆ ಸೇರಿದ ಕಾಲು ಸುಲಭಕ್ಕೆ ಬಿಡಿಸಿಕೊಳ್ಳದು. ಒಳಗಿನ ತಾಮ್ರ ಶಾಖವನ್ನೆಲ್ಲ ಕುಡಿದುಬಿಡುತ್ತದೆ. ಮೇಲಿನ ಬೆಸುಗೆ ಕರಗಿದರೂ ಆಳದ್ದು ಕರಗಿರುವುದಿಲ್ಲ. ಸೀಸದ ಮೇಲೆ ಯುರೋಪಿನ ನಿರ್ಬಂಧ 2006ರ ಜುಲೈ 1ರಂದು ಜಾರಿಗೆ ಬಂದಮೇಲೆ ಸೀಸವಿಲ್ಲದ ಬೆಸುಗೆ ಹಬ್ಬಿತು, ಅದು ಕರಗುವುದು 217 ಡಿಗ್ರಿಯಿಂದಾಚೆ. ಅನುಭವಿಗಳು ಇದಕ್ಕೆ ಮೊದಲು ಹೊಸ ಬೆಸುಗೆ ಸೇರಿಸಿ ಆಮೇಲೆ ಎಳೆಯುತ್ತಾರೆ: ತೆಗೆಯಬೇಕಾದದ್ದನ್ನೇ ಇನ್ನಷ್ಟು ಹಾಕುವುದು ಹುಚ್ಚೆನಿಸಿದರೂ ಶಾಖ ಒಳಗಿಳಿಯಲು ಅದೇ ದಾರಿ. ಇಂಥ ಕಡೆ ಹಕ್ಕೊ ಎಫ್‌ಆರ್-301ರಂಥ ಗನ್ನುಗಳು ಮೇಲು. ಕಾಯಿಸುವ ತುದಿಯೇ ಟೊಳ್ಳಾಗಿದ್ದು ಅದರ ಮೂಲಕವೇ ಮೋಟಾರು ಎಳೆಯುತ್ತದೆ, ಐರನ್ ಎತ್ತಿ ಪಂಪು ಇಡುವ ಪರದಾಟವೇ ಇಲ್ಲ. ಬೆಲೆ ಮಾತ್ರ ಬೇರೆ ಲೋಕದ್ದು. ತಾಮ್ರದ ಹೆಣಿಗೆಯ ವಿಕ್ ಪ್ಯಾಡುಗಳ ಮೇಲೆ ಉಳಿದ ತೆಳು ಪದರವನ್ನು ಒರೆಸಲು ಚೆನ್ನ, ತೂತಿಗೆ ಅಷ್ಟಕ್ಕಷ್ಟೆ. ತೂತೇ ಇಲ್ಲದ, ಬೋರ್ಡಿನ ಮೇಲ್ಮೈಗೆ ಕೂರುವ ಚಿಪ್ಪುಗಳಿಗೆ ಬಿಸಿಗಾಳಿಯೇ ಸರಿ, ಅಲ್ಲಿ ಪಂಪು ನಿರುದ್ಯೋಗಿ.

ನನ್ನ ದೊಡ್ಡ ತಕರಾರು ಬೇರೆ. ಅರ್ಧ ಶತಮಾನಕ್ಕೂ ಮೀರಿದ ಈ ಜಾಣತನವೆಲ್ಲ ಹರಿದದ್ದು ಒಂದು ಬೋರ್ಡಿನ ಒಂದು ಭಾಗವನ್ನು ಉಳಿಸುವ ಕಡೆಗೆ. ರಾಶಿಗಟ್ಟಲೆ ಬೋರ್ಡು ಬಿಚ್ಚುವವರ ಕಡೆಗೆ ಅದು ತಿರುಗಿದ್ದು ತೀರ ಕಡಿಮೆ. ದೆಹಲಿಯ ಸೀಲಂಪುರದಂಥ ಕಡೆ ಬೋರ್ಡನ್ನು ಬೆಂಕಿಗೋ ಕಾದ ತಗಡಿಗೋ ಒಡ್ಡಿ, ಬಡಿದು ಬಿಡಿಭಾಗ ಉದುರಿಸುತ್ತಾರೆ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ನೇರ ಅವರ ಮುಖಕ್ಕೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕರಿಗೆ ಮರುಬಳಕೆಯ ಗುರಿ ಹಾಕಿಕೊಟ್ಟಿವೆ. ಬೋರ್ಡನ್ನು ಹದವಾಗಿ ಕಾಯಿಸಿ ಅಲುಗಿಸಿ, ಹೊಗೆಯನ್ನು ಎಳೆದುಕೊಳ್ಳುವ ಯಂತ್ರಗಳು ದೊಡ್ಡ ಘಟಕಗಳಲ್ಲಿ ಇವೆ. ಗುಜರಿ ಶೆಡ್ಡಿನಲ್ಲಿ ಕೂತು ಕೆಲಸ ಮಾಡುವವರ ಕೈಗೆಟುಕುವಂಥದ್ದು, ಸ್ಪ್ರಿಂಗ್ ಪಂಪಿನಷ್ಟು ಸರಳವಾದದ್ದು, ಕೆಟ್ಟರೆ ಅವರೇ ಬಿಚ್ಚಿ ಸರಿಮಾಡಿಕೊಳ್ಳುವಂಥದ್ದು ಇನ್ನೂ ಪೇಟೆಯಲ್ಲಿ ಕಂಡಿಲ್ಲ.